ಮಾಣಿಕಪ್ಪನವರ ಒಂದೂಮುಕ್ಕಾಲು ಇಂಚು

ಮಾಣಿಕಪ್ಪನವರು ಯಾರ ಮನೆಗೆ ಹೋದರೂ ಮೊದಲು ಬಾಗಿಲು ಬಡಿಯುತ್ತಿರಲಿಲ್ಲ. ಹೊರಗೆ ಸೈಕಲ್ ನಿಂತಿದ್ದರೆ ಬಗ್ಗಿ ಅದರ ಟೈರಿನ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದರು. ಗಾಳಿ ಹೆಚ್ಚಾಗಿದೆ ಎನಿಸಿದರೆ ಯಾರನ್ನೂ ಕೇಳದೆ ತುಸು ಬಿಟ್ಟೂ ಬಿಡುತ್ತಿದ್ದರು. ಆಮೇಲೆ ಒಳಗೆ ಹೋಗಿ, ಕೈ ತೊಳೆದು, ಅದೇ ಹೆಬ್ಬೆರಳಿನಿಂದ ಮನೆಯವರ ತೋಳಿನಲ್ಲಿ ನರ ಹುಡುಕುತ್ತಿದ್ದರು. ಒಂದು ಲ್ಯಾಬಿನ ಪರವಾಗಿ ನಾಸಿಕ್ ರೋಡಿನಿಂದ ದೇವಳಾಲಿ ಕ್ಯಾಂಪಿನವರೆಗೆ ಮನೆಮನೆಗೂ ಸೈಕಲ್ಲಿನಲ್ಲಿ ಹೋಗಿ ಪರೀಕ್ಷೆಗೆ ರಕ್ತ ತರುವುದು ಅವರ ಕೆಲಸ. ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ತೆಗೆಯುತ್ತಾರೆ ಎಂದು ಜನ ಹೊಗಳುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ನಾನೂ ಹೊಗಳುತ್ತಿದ್ದೆನೇನೋ. ಆದರೆ ಸೈಕಲ್ ಅಂಗಡಿ ಇಟ್ಟುಕೊಂಡಿರುವವನು ನಾನು.

ಆಳಂದದ ಕಡೆಯಿಂದ ಬಂದ ನಮ್ಮಪ್ಪ ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ಹಾಕಿದ ಅಂಗಡಿ ಅದು. ಇಪ್ಪತ್ತೈದು ವರ್ಷಗಳಿಂದ ಟೈರು ಮಾರುತ್ತಿದ್ದೇನೆ. ಮಾಣಿಕಪ್ಪನವರು ಭಾಲ್ಕಿಯವರು, ನಮ್ಮ ಹಿಂದಿನ ಓಣಿಯಲ್ಲಿ ಗಂಡ ಹೆಂಡತಿ ಇದ್ದರು. ಬೆಳಗಿನ ಸುತ್ತು ಮುಗಿಸಿ, ಲ್ಯಾಬಿಗೆ ರಕ್ತ ಒಪ್ಪಿಸಿ, ಹನ್ನೊಂದರ ಹೊತ್ತಿಗೆ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಸ್ಟೂಲು ನನ್ನದು, ಚಹಾ ನನ್ನದು, ಗಿರಾಕಿ ನನ್ನವರು, ಉಪದೇಶ ಮಾತ್ರ ಅವರದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಒಮ್ಮೆ ಕ್ಯಾಂಪಿನ ಮಿಲಿಟರಿ ಹವಾಲ್ದಾರರೊಬ್ಬರು ಬಂದು ಬಟನ್ ಟೈರು ಕೇಳಿದರು. ಮೈತುಂಬ ರಬ್ಬರಿನ ಬಟನ್‌ಗಳು ಎದ್ದಿರುವ, ನೋಡಿದರೆ ಗುಡ್ಡ ಹತ್ತಿಸೀತು ಎನಿಸುವ ದಪ್ಪ ಟೈರು. ನಾನು ಏಣಿ ಹತ್ತಿ ಇಳಿಸಿ ಧೂಳು ಒರೆಸುತ್ತಿದ್ದೆ. ಸ್ಟೂಲಿನಿಂದ ಪ್ರಶ್ನೆ ಬಂತು: "ಸಾಹೇಬ್ರು ದಿನಾ ಎಲ್ಲಿಂದ ಎಲ್ಲಿಗಿ ಹೋಗ್ತೀರಿ?" ಅವರಿಗೆ ಕನ್ನಡ ತಿಳಿಯದೆ ನನ್ನ ಮುಖ ನೋಡಿದರು. ಮಾಣಿಕಪ್ಪನವರು ಹಿಂದಿಯಲ್ಲಿ ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಬಟನ್ ಟೈರು ಮತ್ತೆ ಅಟ್ಟ ಸೇರಿತ್ತು, ಹವಾಲ್ದಾರರು ಒಂದೂಮುಕ್ಕಾಲು ಇಂಚಿನ ನಯವಾದ ಟೈರು ಹಾಕಿಸಿಕೊಂಡು ಹೋಗಿದ್ದರು. ಒಂದು ತಿಂಗಳಾದ ಮೇಲೆ ಅವರು ಪೇಡೆಯ ಡಬ್ಬಿ ಹಿಡಿದು ಬಂದರು. ನಾನು ಎದ್ದು ಕೈ ಚಾಚಿದೆ. "ಚಾಚಾ ನಹೀ ಆಯೇ?" ಎಂದು ಕೇಳಿ, ಡಬ್ಬಿಯನ್ನು ಖಾಲಿ ಸ್ಟೂಲಿನ ಮೇಲಿಟ್ಟು ಹೋದರು.

ಆ ಪೇಡೆ ನಾನು ಮುಟ್ಟಲಿಲ್ಲ. ಮಾಣಿಕಪ್ಪನವರು ಬಂದು ನನಗೇ ಮೊದಲು ಕೊಟ್ಟರು. ಆಗಲೂ ಸಕ್ಕರೆ ಕಾಯಿಲೆಯ ನೆಪ ಹೇಳಿದೆ.

ಟೈರಿನ ಈ ವಿದ್ಯೆ ಅವರಿಗೆ ಬಂದದ್ದು ರಕ್ತದಿಂದಲೇ. ಲ್ಯಾಬಿನ ಯಂತ್ರದಲ್ಲಿ ರಕ್ತ ತಿರುಗಿಸಿದಾಗ ಕೊಳವೆಯ ಮೇಲುಗಡೆ ನಿಲ್ಲುವ ನೀರು ಹಳದಿಯಾಗಿರಬೇಕಂತೆ. ದಾರಿಯಲ್ಲಿ ರಕ್ತ ಬಹಳ ಕುಲುಕಿದರೆ ಅದು ಕೆಂಪಾಗುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಕ್ಯಾಂಪಿನ ಒಬ್ಬ ಮುದುಕಿಗೆ ಹಾಗೆ ಒಂದೇ ವಾರದಲ್ಲಿ ಎರಡು ಸಲ ಸೂಜಿ ಚುಚ್ಚಬೇಕಾಯಿತು. ಆಕೆಯ ಕೈ ಕಡ್ಡಿಯ ಹಾಗಿತ್ತು. ಆವತ್ತಿನಿಂದ ಅವರು ಟೈರಿನ ಹಿಂದೆ ಬಿದ್ದರು. ಸಣ್ಣದು ಹಾಕಿದರು, ದಪ್ಪದು ಹಾಕಿದರು, ಬಟನ್ ಹಾಕಿದರು, ಪೈಪು ಹಾಕಲೆಂದು ಅಗೆದ ಕ್ಯಾಂಪಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಓಡಾಡಿದರು. ಯಾವ ಟೈರಿಗೆ, ಎಷ್ಟು ಗಾಳಿಗೆ ನೀರು ಹಳದಿಯಾಗಿ ಉಳಿಯಿತು ಎಂದು ಲ್ಯಾಬಿನವರನ್ನು ದಿನವೂ ಕಾಡಿ ಕೇಳಿದರು.

"ನೋಡ್ರಿ, ಸಣ್ಣ ಟೈರ್ ಇದ್ರ ಗುಂಡಿ ಸೀದಾ ರಿಮ್ಮಿಗಿ ಬಡೀತದ. ಬಟನ್ ಟೈರ್ ಡಾಂಬರ್ ಮ್ಯಾಲ ಗುರ್ ಅಂತದ, ಕಾಲು ಸೋಲ್ತಾವ. ಒಂದೂಮುಕ್ಕಾಲು ಇಂಚಿಂದು ತಗೋರಿ, ಮೈಮ್ಯಾಲ ಸಣ್ಣ ಗೀರು ಇದ್ರ ಸಾಕು. ಕಲ್ಲಿನಂಗ ಗಾಳಿ ತುಂಬಬ್ಯಾಡ್ರಿ, ಜರಾ ಮೆತ್ತಗಿರಲಿ. ರಸ್ತಾ ನಮ್ಮ ಕೈಯಾಗಿಲ್ಲ, ಗಾಳಿ ನಮ್ಮ ಕೈಯಾಗದ." ಗಿರಾಕಿ ಯಾರೇ ಬರಲಿ, ಈ ಪಾಠ ಆಗಲೇಬೇಕು.

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇದೆಲ್ಲ ನನಗೂ ಗೊತ್ತಿತ್ತು. ನಾನು ಹೇಳಿದರೆ ಮಾಲು ಖಾಲಿ ಮಾಡಲು ಹೇಳುತ್ತಾನೆ ಎಂದು ಗಿರಾಕಿಗಳು ಅನ್ನುತ್ತಿದ್ದರು, ಅವರು ಹೇಳಿದರೆ ತಲೆಯಾಡಿಸುತ್ತಿದ್ದರು. ಮಾರುವವನ ಮಾತು ಯಾರು ನಂಬುತ್ತಾರೆ? ನನ್ನ ಹೊಟ್ಟೆ ಉರಿಯುತ್ತಿತ್ತು. ಮರೆಮಾಚುವುದೇಕೆ, ಕೆಲವು ದಿನ ಅವರ ಸೈಕಲ್ಲೇ ಪಂಕ್ಚರ್ ಆಗಲಿ ಎಂದು ಹಾರೈಸಿದ್ದೂ ಉಂಟು. ಆಗುತ್ತಿರಲಿಲ್ಲ.

ಗಿರಾಕಿಗಳ ಮಾತು ಬಿಡಿ, ಅದನ್ನು ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ನನ್ನ ಮಗಳು ಗೌರಿಯ ವಿಷಯ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಮಾಣಿಕಪ್ಪನವರ ಜೊತೆ ಮಾತ್ರ ತಡವರಿಸಿಕೊಂಡಾದರೂ ಕನ್ನಡದಲ್ಲೇ ಹರಟುತ್ತಿದ್ದಳು. ಅವಳು ತಪ್ಪಾಡಿದರೆ ನಾನು ನಗುತ್ತಿದ್ದೆ, ಇಲ್ಲವೇ ತಿದ್ದುತ್ತಿದ್ದೆ. ಅವರು ಸುಮ್ಮನೆ "ಹೂಂ, ಮುಂದ?" ಎನ್ನುತ್ತಿದ್ದರು. ಪರೀಕ್ಷೆಯ ಫಲಿತಾಂಶವಾಗಲಿ, ಗೆಳತಿಯ ಜಗಳವಾಗಲಿ, ಅವಳ ಯಾವ ಸುದ್ದಿಯಾದರೂ ಮೊದಲು ಈ ಕಾಕಾನಿಗೆ. ಕ್ಯಾಂಪಿನ ಬಾಲವಾಡಿಯಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕದ್ದು ನನಗೆ ತಿಳಿದದ್ದೂ ಅವರ ಬಾಯಿಂದಲೇ. "ಶೇಠಜಿ, ಬಾಯಿ ಸಿಹಿ ಮಾಡ್ರಿ, ನಿಮ್ಮ ಮಗಳು ಟೀಚರ್ ಆಗ್ಯಾಳ!" ಎಂದು ನನ್ನ ಅಂಗಡಿಯಲ್ಲಿ ನಿಂತು ನನಗೇ ಹೇಳಿದರು. ನಾನು ಗೊತ್ತಿದ್ದವನ ಹಾಗೆ ನಕ್ಕೆ.

ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಳು ಗೌರಿ. ಅವಳ ಹಳೆಯ ಸೈಕಲ್ಲನ್ನು ಅಂಗಡಿಗೆ ತಂದು ನಿಲ್ಲಿಸಿ, ಕೇಳಿದ್ದು ಮತ್ತೆ ಅವರನ್ನೇ. ಮಾಣಿಕಪ್ಪನವರು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಿರುಬೆರಳು ತೂರಿಸಿ ತೋರಿಸಿದರು. "ಇಲ್ಲಿ ಇಷ್ಟು ಜಾಗಾ ಇರಬೇಕವ್ವ. ಮಳಿಗಾಲದಾಗ ಕರಿಮಣ್ಣು ಮೆತ್ಕೋತದ, ಅದಕ್ಕೂ ಹೊರಗ ಹೋಗ್ಲಾಕ ಹಾದಿ ಬೇಕು. ಒಂದೂಮುಕ್ಕಾಲು ಸಾಕು, ಅದಕ್ಕಿಂತ ದಪ್ಪ ಬ್ಯಾಡ."

ಗೌರಿ ನನ್ನತ್ತ ತಿರುಗಿ, ಕಾಕಾ ಹೇಳಿದ್ದನ್ನೇ ಹಾಕಿಬಿಡಿ ಪಪ್ಪಾ ಎಂದಳು ಮರಾಠಿಯಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅಲ್ಲಿ ನಾನೇ ಆ ಗಿಡ. ಅವರು ಹೋದ ಮೇಲೆ ನನ್ನ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಬಟನ್ ಟೈರು ಇಳಿಸಿದೆ. ಎರಡು ಇಂಚಿಗೂ ಮಿಕ್ಕಿದ ಅಗಲ. ಹಾಕಿದ ಮೇಲೆ ಮಡ್‌ಗಾರ್ಡಿನ ಸಂದಿಯಲ್ಲಿ ಬೆಂಕಿಕಡ್ಡಿಯೂ ಕಷ್ಟದಿಂದ ಹೋಗುತ್ತಿತ್ತು. ಅದನ್ನು ನಾನು ನೋಡಿದೆ. ನೋಡಿಯೂ ನಟ್ಟು ಬಿಗಿದೆ. ಸಂಜೆ ಮನೆ ಮುಂದೆ ಸೈಕಲ್ ನಿಲ್ಲಿಸಿದಾಗ ಹೆಂಡತಿ ಕೇಳಿದಳು: "ಮಾಣಿಕಪ್ಪೋರು ಬ್ಯಾರೇನೇ ಹೇಳಿದ್ರಂತಲ್ಲ?" ನಾನು ಅಂದೆ: "ಅವರು ರಕ್ತ ತೆಗೀಲಿ. ಟೈರ್ ನನಗ ಬಿಡು."

ಗೌರಿಗೆ ಹಿಡಿಸಿತು. "ಭಾರೀ ದಿಸತೇ ಪಪ್ಪಾ!" ಎಂದು ನನ್ನ ಕೊರಳಿಗೆ ಬಿದ್ದಳು. ಚೆನ್ನಾಗಿ ಕಾಣುತ್ತದೆ ಎಂದದ್ದಷ್ಟೆ, ಆದರೂ ಆವತ್ತು ನಾನು ಗೆದ್ದಿದ್ದೆ. ಮಾರನೆಯ ದಿನ ಮಾಣಿಕಪ್ಪನವರು ಬಂದು ಟೈರು ನೋಡಿದರು. ಮಡ್‌ಗಾರ್ಡು ನೋಡಿದರು. "ಮಳಿ ಬರೋದ್ರೊಳಗ ಬದಲ್ ಮಾಡ್ರಿ ಶೇಠಜಿ" ಎಂದರು. ಆಗಲಿ ಎಂದೆ. ಎರಡು ವಾರ ಹೋಯಿತು, ಬದಲಿಸಲಿಲ್ಲ.

ಮಳೆ ಹಿಡಿದ ಮೂರನೆಯ ದಿನ, ಅಗೆದ ರಸ್ತೆಯ ಕೆಸರು ಬಟನ್‌ಗಳ ನಡುವೆ ತುಂಬಿ, ಮಡ್‌ಗಾರ್ಡಿಗೆ ಒತ್ತಿ ಕೂತು, ಮುಂದಿನ ಚಕ್ರ ನಿಂತಲ್ಲೇ ನಿಂತಿತು. ಗೌರಿ ಹ್ಯಾಂಡಲ್ಲಿನ ಮೇಲಿಂದ ಹಾರಿ ಬಿದ್ದಳು. ಎಡ ಮಣಿಕಟ್ಟು ಮುರಿಯಿತು. ಎದುರಿನಿಂದ ಮಾಣಿಕಪ್ಪನವರು ಕ್ಯಾಂಪಿನ ರಕ್ತದ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು. ಅವಳನ್ನು ಆಟೋದಲ್ಲಿ ಕೂರಿಸಿ, ಎರಡೂ ಸೈಕಲ್ಲುಗಳನ್ನು ಟೆಂಪೊ ಒಂದಕ್ಕೆ ಹಾಕಿಸಿ, ತಾವೂ ಅವಳ ಜೊತೆ ಆಸ್ಪತ್ರೆಗೆ ಹೋದರು. ಆವತ್ತಿನ ರಕ್ತವೆಲ್ಲ ಹೊತ್ತು ಮೀರಿ ಕೆಟ್ಟಿತು. ಮಾರನೆಯ ದಿನ ಮನೆಮನೆಗೆ ಹೋಗಿ ಕ್ಷಮೆ ಕೇಳಿ ಮತ್ತೆ ಸೂಜಿ ಚುಚ್ಚಿದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ಗಿರಾಕಿಗಳು ಹೇಳಿದರು.

ನಾನು ಆಸ್ಪತ್ರೆಗೆ ಓಡಿ ಬಂದಾಗ ಗೌರಿಯ ಸೈಕಲ್ ಗೇಟಿನ ಪಕ್ಕ ನಿಂತಿತ್ತು. ಮಾಣಿಕಪ್ಪನವರು ಒಂದು ಕಡ್ಡಿಯಿಂದ ಮಡ್‌ಗಾರ್ಡಿನ ಮಣ್ಣನ್ನೆಲ್ಲ ಕೆದರಿ ತೆಗೆದಿದ್ದರು. ಚಕ್ರ ಏನೂ ಆಗದ ಹಾಗೆ ತಿರುಗುತ್ತಿತ್ತು. "ಗುಂಡ್ಯಾಗ ನೀರು ತುಂಬಿತ್ತು, ಕಾಣಲಿಲ್ಲ ಅಂತ ಮನಿಯಾಗ ಹೇಳ್ರಿ" ಎಂದರು ಮೆಲ್ಲಗೆ.

ಬೇರೆ ಯಾರಾದರೂ ಕೈ ಮುಗಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಮಗಳನ್ನು ಎತ್ತಿದವರು ಅವರು, ನನ್ನ ತಪ್ಪು ಮುಚ್ಚಿದವರೂ ಅವರೇ. ಇನ್ನು ನನಗೆ ಉಳಿದದ್ದೇನು? "ನನ್ನ ಮನಿ ಮಾತು ನನಗ ಗೊತ್ತದ, ನೀವು ಹೋಗ್ರಿ" ಎಂದುಬಿಟ್ಟೆ. ಅವರು ಚಪ್ಪಲಿಯ ಕೆಸರು ಕೊಡವಿ, ಡಬ್ಬಿ ಎತ್ತಿಕೊಂಡು ಹೋದರು. ಮನೆಯಲ್ಲಿ ನಾನು ಅವರು ಹೇಳಿಕೊಟ್ಟ ಸುಳ್ಳನ್ನೇ ಹೇಳಿದೆ.

ಆಮೇಲೆ ಅವರು ಅಂಗಡಿಗೆ ಬರುವುದು ಕಡಿಮೆಯಾಯಿತು. ಆ ವರ್ಷವೇ ಲ್ಯಾಬಿನವರು ಛತ್ರಪತಿ ಸಂಭಾಜಿನಗರದಲ್ಲಿ ಹೊಸ ಶಾಖೆ ತೆರೆದು ಅವರನ್ನು ಅಲ್ಲಿಗೆ ಕಳಿಸಿದರು. ನನಗೆ ನಿರಾಳವಾಗಬೇಕಿತ್ತು. ಆದರೆ ಗಿರಾಕಿಗಳು ಬಂದು ಕಾಕಾ ಎಲ್ಲಿ ಎಂದು ಕೇಳುತ್ತಿದ್ದರು. ನಾನು ಒಂದೂಮುಕ್ಕಾಲು ಇಂಚು ತಗೊಳ್ಳಿ ಎಂದರೆ, "ಕಾಕಾನೂ ಹಾಗೇ ಹೇಳ್ತಿದ್ದರು" ಎಂದು ಒಪ್ಪಿಕೊಳ್ಳುತ್ತಿದ್ದರು. ಊರು ಬಿಟ್ಟ ಮೇಲೂ ನನ್ನ ಅಂಗಡಿಯಲ್ಲಿ ಅವರದೇ ಮಾತು ನಡೆಯುತ್ತಿತ್ತು.

ಎರಡು ವರ್ಷದ ಮೇಲೆ ಒಂದು ನಿಶ್ಚಿತಾರ್ಥಕ್ಕೆಂದು ಸಂಭಾಜಿನಗರಕ್ಕೆ ಹೋದೆ. ದೌಲತಾಬಾದಿಗೆ ಹೋಗುವ ರಸ್ತೆಯಲ್ಲಿದ್ದ ಅವರ ಶಾಖೆಗೂ ಹೋದೆ. ಮಾಣಿಕಪ್ಪನವರು ಇಳಿದುಹೋಗಿದ್ದರು. ಹೃದಯದ ತೊಂದರೆ, ಸೈಕಲ್ ತುಳಿಯಬಾರದೆಂದು ಡಾಕ್ಟರು ಹೇಳಿದ್ದರಂತೆ. ಒಳಗೇ ಕೂತು ಬಂದವರ ರಕ್ತ ತೆಗೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬರ್ರಿ ಬರ್ರಿ ಶೇಠಜಿ! ಕುಂಡ್ರಿ. ಬಂದೀರಂದ ಮ್ಯಾಲ ಶುಗರ್ ನೋಡೇ ಬಿಡೋಣ" ಎಂದು ನನ್ನ ತೋಳಿಗೆ ಪಟ್ಟಿ ಕಟ್ಟಿಯೇಬಿಟ್ಟರು. "ಮುಷ್ಟಿ ಬಿಗೀರಿ."

ಸೂಜಿ ಒಳಗೆ ಹೋದದ್ದು ತಿಳಿಯಲೇ ಇಲ್ಲ. ಅವರ ಕಣ್ಣು ಕೊಳವೆಯ ಮೇಲಿತ್ತು, ನನ್ನ ಮುಖದ ಮೇಲಲ್ಲ. ಅದಕ್ಕೇ ಬಾಯಿ ಬಂತೋ ಏನೋ.

"ಅವತ್ತು ಆ ಟೈರ್ ನಾ ಬೇಕಂತೇ ಹಾಕಿದ್ದು. ನಿಮ್ಮ ಮ್ಯಾಲಿನ ಹಟಕ್ಕ" ಎಂದೆ.

"ಮುಷ್ಟಿ ಬಿಡ್ರಿ" ಎಂದರು. ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಹತ್ತಿ ಒತ್ತಿ ನನ್ನ ಕೈ ಮಡಚಿದರು. ಆಮೇಲೆ ಹೇಳಿದರು: "ನನಗ ಗೊತ್ತದರಿ. ಗೌರಿಗೂ ಗೊತ್ತದ, ಟೈರ್‌ದಿಂದೇ ಬಿದ್ದೆ ಅಂತ. ಅವತ್ತು ಆಟೋದಾಗೇ ಅಂದ್ಳು, 'ಕಾಕಾ, ಪಪ್ಪಂಗ ಹೇಳಬ್ಯಾಡ, ಅವ್ರು ಭಾಳ ಪ್ರೀತಿಲೆ ಹಾಕ್ಯಾರ' ಅಂತ. ಅದಕ್ಕೇ ನಾ ಮಣ್ಣು ತೆಗೆದೆ."

ನಾನು ಕೈ ಮಡಚಿಕೊಂಡೇ ಎದ್ದೆ.

"ಹಟದ ಮಾತು ಆಕಿಗಿ ಹೇಳಬ್ಯಾಡ್ರಿ" ಎಂದರು. ಕೊಳವೆಯ ಮೇಲೆ ನನ್ನ ಹೆಸರು ಬರೆದು, ಮೊಟ್ಟೆ ಇಡುವ ಹಾಗೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು.

ನಾಸಿಕ್‌ಗೆ ಮರಳುವ ಬಸ್ಸಿನಲ್ಲಿ ಕೂತು ನಾನು ಏನು ಯೋಚಿಸಿದೆ? ಮಗಳು ನನ್ನನ್ನು ಕಾಪಾಡಿದಳಲ್ಲ ಎಂದು ಕಣ್ಣು ತುಂಬಬೇಕಿತ್ತು, ತುಂಬಿತು ಕೂಡ. ಆದರೆ ಅದಕ್ಕೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನನ್ನ ಮೇಲಿನ ಪ್ರೀತಿಯನ್ನೂ ಅವಳು ಹೋಗಿ ಅವರಿಗೆ ಹೇಳಿದ್ದಳು.

ಆ ವರ್ಷದ ದೀಪಾವಳಿ ಕಳೆದು ಎರಡು ವಾರವಾಗಿತ್ತು. ಮಧ್ಯಾಹ್ನ, ಬಾಲವಾಡಿ ಬಿಡುವ ಮೊದಲೇ, ಗೌರಿ ಅಂಗಡಿಗೆ ಬಂದಳು. ಇಬ್ಬರು ಗಿರಾಕಿಗಳಿದ್ದರು, ಅವರನ್ನು ದಾಟಿಕೊಂಡು ನನ್ನ ಹತ್ತಿರ ಬಂದು ನಿಂತಳು. ಮಾಣಿಕಪ್ಪನವರ ಹೆಂಡತಿ ಅವಳಿಗೆ ಫೋನ್ ಮಾಡಿದ್ದರು. ಗೌರಿ ಮನೆಗೆ ಹೋಗಿರಲಿಲ್ಲ, ತಾಯಿಗೂ ತಿಳಿಸಿರಲಿಲ್ಲ. "ಪಪ್ಪಾ, ಕಾಕಾ ಗೇಲೇ", ಕಾಕಾ ಹೋಗಿಬಿಟ್ಟರು, ಎಂದು ನನ್ನ ಹೆಗಲಿಗೆ ಹಣೆ ಇಟ್ಟು ಅತ್ತಳು. ಗ್ರೀಸು ಹತ್ತಿದ ಕೈಯನ್ನು ಅವಳ ಬೆನ್ನ ಮೇಲೆ ಇಡಲೋ ಬೇಡವೋ ತಿಳಿಯದೆ ನಿಂತೆ. ಅವಳ ಒಂದು ಸುದ್ದಿಯಾದರೂ ಎಲ್ಲರಿಗಿಂತ ಮೊದಲು ನನಗೆ ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ. ಅವತ್ತು ಬಂತು. ಅದನ್ನು ಮಾಣಿಕಪ್ಪನವರಿಗೆ ಹೇಳುವ ಹಾಗಿರಲಿಲ್ಲವಲ್ಲ.