ಪುತಳಿಯ ಪಾದ, ಶಂಕ್ರಮ್ಮನ ಪರಸಿ

ಕಮಲಾಪುರದಲ್ಲಿ ಕೌದಿ ಹೊಲಿಯುವ ಶಂಕ್ರಮ್ಮ ಗಂಡನೊಡನೆ ಇಪ್ಪತ್ತು ವರ್ಷ ವಾದಿಸಿ, ಹೋದ ದೀಪಾವಳಿಗೆ ಅಂಗಳದ ಮಣ್ಣು ತೆಗೆಸಿ ಶಹಾಬಾದಿನ ಪರಸಿ ಕಲ್ಲು ಹಾಸಿಸಿದಳು. "ಮಣ್ಣೇ ಇರ್ಲಿ, ಕಾಲಿಗೆ ತಂಪು" ಎನ್ನುತ್ತಿದ್ದ ಮಾಣಿಕಪ್ಪ ಸೋತು ಸುಮ್ಮನಾದ. ಗೆದ್ದವಳು ದಿನಕ್ಕೆರಡು ಸಲ ಕಲ್ಲು ತೊಳೆದು, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ದಿನವಿಡೀ ಅದರ ಮೇಲೆ ಬರಿಗಾಲಲ್ಲಿ ತಿರುಗಿದವಳು ಅವಳ ಸಾಕುಬಾತು ಪುತಳಿ. ಶಂಕ್ರಮ್ಮ ಸೂಜಿ ಹಿಡಿದರೆ ಪಕ್ಕದಲ್ಲಿ ಕುಳಿತು ಚಿಂದಿ ಎಳೆಯುವುದು ಪುತಳಿಯ ಕೆಲಸ. ಸಂಕ್ರಾಂತಿಯ ಹೊತ್ತಿಗೆ ಅವಳು ಕುಂಟತೊಡಗಿದಳು; ಆಮೇಲೆ ಎದ್ದು ನಿಲ್ಲುವುದನ್ನೇ ಬಿಟ್ಟಳು.

"ಕಲ್ಲು ಒತ್ತಾಕತ್ತದ" ಎಂದ ಮಾಣಿಕಪ್ಪ.

"ಕಲ್ಲಲ್ಲ, ದೃಷ್ಟಿ!" ಎಂದು ಶಂಕ್ರಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ಕಾಲು ಮಾತ್ರ ಹಾಗೇ ಇತ್ತು.

ಮರುದಿನ ಪುತಳಿಯನ್ನು ಕೌದಿಯಲ್ಲಿ ಸುತ್ತಿಕೊಂಡು ಕಲಬುರಗಿ ಬಸ್ಸು ಹತ್ತಿದಳು. ಮಹಾಗಾಂವದ ಹತ್ತಿರ ಗಂಟು ಕ್ವಾಕ್ ಎಂದಿತು.

"ಗಂಟು ಮಾತಾಡಾಕತ್ತದಲ್ಲ, ಅಮ್ಮಾ?" ಎಂದ ಕಂಡಕ್ಟರ್.

"ನಿಮ್ಮ ಬಸ್ಸಿನ ಕುಲುಕಾಟಕ್ಕ ಯಾರರ ಮಾತಾಡ್ತಾರ, ತಗೋರಿ."

ದನದ ದವಾಖಾನೆಯಲ್ಲಿ ಡಾಕ್ಟರ್ ಸಪ್ನಾ ಪಾದ ತಿರುಗಿಸಿ ನೋಡಿದಳು. ಅಡಿಯಲ್ಲಿ ತೊಗರಿ ಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತಲೂ ಬಾವು.

"ಗಟ್ಟಿ ನೆಲದ ಮ್ಯಾಲೆ ತಿರುಗಿದ್ರ ಹಿಂಗಾಗ್ತದ. ನಿಮ್ಮ ಅಂಗಳ ಎಂಥಾದ್ದು?"

ಶಂಕ್ರಮ್ಮನ ಕಣ್ಣ ಮುಂದೆ ಮಾಣಿಕಪ್ಪನ ಮೀಸೆ ನಕ್ಕಿತು. "ಮಣ್ಣಿಂದು ರೀ. ದಿನಾ ಸಾರಸ್ತೀನಿ."

"ಹಂಗಾದ್ರ ಒಳಗ ಮುಳ್ಳು ಮುರದಿರಬೇಕು. ಕೊಯ್ದು ನೋಡ್ತೀನಿ." ಸಪ್ನಾ ತಟ್ಟೆಯಿಂದ ಸಣ್ಣ ಚಾಕು ತೆಗೆದಳು. ಪುತಳಿ ಕೊಕ್ಕನ್ನು ಕೌದಿಯೊಳಗೆ ತೂರಿಸಿದಳು.

"ಪರಸಿ ರೀ!" ಶಂಕ್ರಮ್ಮ ಚೀರಿದಳು. "ಶಹಾಬಾದಿ ಪರಸಿ! ನಾನೇ ಹಾಸಿಸೀನಿ!"

"ಮೊದಲ ಯಾಕ ಹೇಳಲಿಲ್ಲ?"

"ನಿಮ್ಮ ಲಗ್ನ ಇನ್ನಾ ಆಗಿಲ್ಲ ಕಾಣ್ತದ, ತಾಯಿ."

ಸಪ್ನಾ ನಗುತ್ತ ಚಾಕು ಕೆಳಗಿಟ್ಟಳು. ಗಾಯ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿದಳು. "ದಿನಾ ಪಟ್ಟಿ ಬದಲಿಸ್ರಿ. ನೆಲ ಮೆತ್ತಗಿರಬೇಕು. ಇಲ್ಲಂದ್ರ ಈ ಕಾಲು ಉಳಿಯೂದಿಲ್ಲ."

ದಾರಿಯುದ್ದಕ್ಕೂ ಶಂಕ್ರಮ್ಮ ಗಂಡನಿಗೆ ಹೇಳುವ ಮಾತನ್ನು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು.

"ಏನಂದ್ರು ಡಾಕ್ಟರು?" ಮನೆ ಮುಟ್ಟುತ್ತಲೇ ಕೇಳಿದ ಮಾಣಿಕಪ್ಪ.

"ಪುತಳಿ ಬಸರಿ ಹೆಣ್ಣಿನಂಗ ಮಣ್ಣು ಬಯಸಾಕತ್ತಾಳಂತ. ಹಾರಿ ಎಲ್ಲಿಟ್ಟೀರಿ? ನಾಕು ಕಲ್ಲು ಕೀಳಬೇಕು."

ಮಾಣಿಕಪ್ಪ ನಗಲಿಲ್ಲ. ಬಾಗಿಲ ಹಿಂದೆ ಕೈ ತೋರಿಸಿದ. ಅಲ್ಲಿ ಹಾರೆ ಇತ್ತು. ಅದರ ಪಕ್ಕದಲ್ಲಿ ಜರಡಿ ಹಿಡಿದ ಕೆಂಪು ಮಣ್ಣು, ಎರಡು ಬುಟ್ಟಿ.

"ನೀ ಬಸ್ ಹತ್ತಿದ ಕೂಡಲೇ ತಂದಿಟ್ಟೀನಿ."

ಶಂಕ್ರಮ್ಮ ಹಾರೆಯನ್ನು ಕಸಿದುಕೊಂಡಳು. "ನಾಕೇ ಕಲ್ಲು! ಐದನೇದಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ!"

ಸಂಜೆ ಪುತಳಿ ಕಾಲಿಗೆ ಹಸಿರು ಚಿಂದಿಯ ಚೀಲ ತೊಟ್ಟು ಮಣ್ಣಿನ ಮೇಲೆ ಒರಗಿದ್ದಳು. ಮಾಣಿಕಪ್ಪನೂ ಪಕ್ಕದ ಪರಸಿಯ ಮೇಲೆ ಕುಳಿತು, ಎರಡೂ ಪಾದಗಳನ್ನು ಮೆಲ್ಲಗೆ ಆ ಮಣ್ಣಿಗಿಳಿಸಿದ. ಶಂಕ್ರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕಂಡರೂ ಕಾಣದವಳಂತೆ.