ಚಿತ್ರದ ಪುಸ್ತಕದಲ್ಲಿ ಸಿಕ್ಕ ಕುರಿ

“ಅಳಿಯಾ, ಇದು ನಮ್ಮ ಕೆಂಚಿ ಐತಲ್ಲೋ!” ಎಂದು ಕೂಗಿದ ನಮ್ಮ ಮಾವ, ಹಂಗೇರಿಯ ಕಲಾವಿದೆಯ ಕೈಯಿಂದ ಚಿತ್ರದ ಪುಸ್ತಕವನ್ನು ಕಸಿದುಕೊಂಡೇಬಿಟ್ಟರು.

ಎರಡು ತಿಂಗಳು ಇದ್ದು ಚಿತ್ರ ಬರೆಯಲೆಂದು ಸೊಲ್ಲಾಪುರದ ಸಂಸ್ಥೆಯೊಂದು ಆಕೆಯನ್ನು ಕರೆಸಿತ್ತು. ದುಭಾಷಿಯಾಗಿ ನಾನು ಬೈಕಿನಲ್ಲಿ ಹಳ್ಳಿ ತೋರಿಸುತ್ತಿದ್ದೆ. ಅಂದು ತಡವಳಕ್ಕೆ, ಕುರಿ ಸಾಕುವ ಮಾವನ ಮನೆಗೆ ಹೋಗಿದ್ದೆವು. ಹದಿನೈದು ದಿನದ ಹಿಂದೆ ಅವರ ಪ್ರೀತಿಯ ಕುರಿ ಕೆಂಚಿ ಕಳೆದುಹೋಗಿತ್ತು. ಮಾವ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

ಚಿತ್ರದ ಕುರಿಗೆ ಹರಿದ ಎಡಗಿವಿ, ಹಣೆಯಲ್ಲಿ ಬಿಳಿ ಮಚ್ಚೆ. ನಾಲ್ಕು ದಿನದ ಹಿಂದೆ ವಾಗದರಿಯಲ್ಲಿ ಬರೆದದ್ದು ಎಂದಳು ಕಲಾವಿದೆ. ನಾನು ವಿಷಯ ತಿಳಿಸಿದಾಗ ಅವಳ ಮುಖ ಸಣ್ಣದಾಯಿತು. ಕೆಲವೊಮ್ಮೆ ಚಿತ್ರದಲ್ಲಿ ತನ್ನ ಕಲ್ಪನೆಯೂ ಸೇರುತ್ತದೆ, ಕಿವಿಯನ್ನು ತಾನೇ ಹರಿದಿರಬಹುದು ಎಂದಳು. ಅದನ್ನು ನಾನು ಮಾವನಿಗೆ ಹೇಳಲಿಲ್ಲ.

ಒಂದೇ ಬೈಕಿನಲ್ಲಿ ಮೂವರೂ ವಾಗದರಿಗೆ ಹೋದೆವು. ಅಲ್ಲಿನ ಕುರುಬರು ಪುಸ್ತಕ ಹಿಡಿದು ಒಂದೊಂದೇ ಕುರಿಯ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಮಾವನ ದನಿ ಕೇಳಿ ಕೆಂಚಿಯೇ ಓಡಿಬಂತು. ಹರಿದ ಕಿವಿಯೂ ಇತ್ತು!

“ತಾನ ಬಂದು ನಮ್ಮ ಹಿಂಡಿನ್ಯಾಗ ಸೇರಿತ್ರಿ. ಯಾರದಂತ ಕೇಳಾಕತ್ತಿದ್ವಿ, ಒಯ್ರಿ,” ಎಂದರು ಕುರುಬರು.

ಬರುವಾಗ ಬೈಕಿನಲ್ಲಿ ಕೆಂಚಿಗೆ ಜಾಗ ಕೊಟ್ಟು, ಕಲಾವಿದೆಯನ್ನು ಬಸ್ಸು ಹತ್ತಿಸಿದೆವು.

ಆಕೆ ತನ್ನ ದೇಶಕ್ಕೆ ಮರಳಿ ತಿಂಗಳಾಯಿತು. ಅವಳ ಕೆಲಸವೇ ಕುರಿ ಹುಡುಕುವುದೆಂದು ಮಾವ ಊರೆಲ್ಲ ಹೇಳಿಟ್ಟಿದ್ದಾರೆ. ನಿನ್ನೆ ಹನ್ನೂರಿನಿಂದ ಅಪರಿಚಿತರೊಬ್ಬರು ನನಗೆ ಫೋನ್ ಮಾಡಿದ್ದರು: “ನಮ್ಮ ಎಮ್ಮಿ ಕಳದೈತ್ರಿ. ಆ ಚಿತ್ರ ಬರಿಯೋ ಅಕ್ಕಾರು ಮತ್ತ ಯಾವಾಗ ಬರ್ತಾರ್ರಿ?”