ಪಾಸಾದವರ ಊಟಕ್ಕೆ ಬಂದವರು

ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಾನು ಸಂಜೆ ಹೊತ್ತು ಚೀನಾದ ಐವರು ವ್ಯಾಪಾರಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಮಾತಿನ ಪರೀಕ್ಷೆಯಲ್ಲಿ ನಾಲ್ವರು ಪಾಸಾದರು. ಪರದೆ ಬಟ್ಟೆ ಮಾರುವ ಹೆಂಗಸೊಬ್ಬರು ಮಾತ್ರ ಫೇಲಾದರು. ತರಗತಿಯಲ್ಲಿ ಏನು ಕೇಳಿದರೂ ಅವರು ನಕ್ಕು ಸುಮ್ಮನಾಗುತ್ತಿದ್ದರು. ಪಾಸಾದವರಿಗೆಂದು ಮನೆಯಲ್ಲಿ ಊಟ ಇಟ್ಟುಕೊಂಡಾಗ ಅವರನ್ನು ಕರೆಯಲೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಕರೆದೆ. ಎಲ್ಲರಿಗಿಂತ ಮೊದಲು ಬಂದವರು ಅವರೇ.

ನಾನು ಕೋಳಿ ಸಾರು ಮಾಡಿಟ್ಟು ನೀರುದೋಸೆ ಹುಯ್ಯುತ್ತಿದ್ದೆ. ಗಡಿಬಿಡಿಯಲ್ಲಿ ಮೂರು ದೋಸೆ ಕಾವಲಿಗೇ ಅಂಟಿದವು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅವರು ನನ್ನ ಕೈಯಿಂದ ಸೌಟು ತೆಗೆದುಕೊಂಡರು.

“ಟೀಚರ್, ಫೈರ್ ಟೂ ಸ್ಮಾಲ್. ಯೂ ಸಿಟ್. ಮೈ ಮದರ್ ಮೇಕ್ ಸೇಮ್ ಸೇಮ್,” ಎಂದರು.

ಉರಿ ಹೆಚ್ಚಿಸಿ ಹುಯ್ದ ದೋಸೆ ತೆಳ್ಳಗೆ ಎದ್ದು ಬಂತು. ಆಮೇಲೆ ಅವರು ತಾಯಿ ಮಾಡುತ್ತಿದ್ದ ಅಕ್ಕಿ ದೋಸೆ, ಊರಿನ ಹೊಳೆ, ಅಂಗಡಿಯಲ್ಲಿ ಚೌಕಾಸಿ ಮಾಡುವ ಗಿರಾಕಿಗಳು ಎಂದು ಹೇಳುತ್ತಲೇ ಹೋದರು. ಉಳಿದವರು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದರು. ವ್ಯಾಕರಣದ ತಪ್ಪುಗಳು ಬೇಕಾದಷ್ಟಿದ್ದವು. ನಾನು ಒಂದನ್ನೂ ತಿದ್ದಲಿಲ್ಲ.

ಮುಂದಿನ ಸಲ ಅವರೂ ಪಾಸಾದರು. ಆ ಸಂತೋಷದ ಊಟಕ್ಕೆ ನಮ್ಮನ್ನೆಲ್ಲ ತಮ್ಮ ಮನೆಗೇ ಕರೆದರು.